ಶಹನಾಯಿಗೆ ಕಾಗದವಿಲ್ಲ

ಪೊಲೀಸ್ ಕಾರ್ಯಾಚರಣೆ ಮುಗಿದು ತಿಂಗಳಾಗಿತ್ತು. ಭಾಲ್ಕಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದ ಗುಂಡಮ್ಮನ ಬೆನ್ನ ಹಿಂದೆ ಶಹನಾಯಿಯವನೂ ಅವನ ಜೊತೆಗಾರ ಡೋಲಿನವನೂ ಪಿಸುಗುಟ್ಟುತ್ತಿದ್ದರು.

“ಮಿಲಿಟ್ರಿಯವರು ಏನ್ ಕೇಳಿದ್ರು, ಗೌಸಣ್ಣ?”

“ರಜಾಕಾರರ ಜಲ್ಸಾದಾಗ ಯಾಕ ಊದಿದಿ ಅಂದ್ರು. ಮದವಿ ಅಂತ ಕರಸಿದ್ರು ಸಾಬ್ ಅಂದೆ. ಕರಸಿದ ಕಾಗದ ತೋರ್ಸು ಅಂದ್ರು.”

“ಕರಸಿದ ಔರಾದದ ಸಾವ್ಕಾರ ಏನಂತಾನ?”

“ನಿನ್ನ ಮಾರಿನೇ ನೋಡಿಲ್ಲ ಅಂದ. ಎರಡು ಸಾಲು ಬರಸ್ಕೊಂಡಿದ್ರ ಕುತ್ತಿಗಿ ಉಳೀತಿತ್ತು.”

“ದೊಡ್ಡೋರ ಬಾಯಿಮಾತೇ ಸಾಕು ಅಂದಾವ ನೀನೇ.”

“ಹೌದಪ್ಪ. ನಾಳಿ ಮತ್ತ ಕರದಾರ. ಮದವಿ ಅಂತನೇ ಹೇಳಿದ್ರು ಅಂತ ನೀ ಬಂದು ಹೇಳು, ವೈಜಿನಾಥ. ನನ್ನ ಬಾಜೂಕೇ ಕುಂತು ಬಾರಿಸಿದಿಯಲ್ಲ.”

ಗುಂಡಮ್ಮ ತಿರುಗಿ ನೋಡಿದಳು. ಬೀದರಿನ ರೈಲು ಬಂದು ನಿಂತಿತು. ಡೋಲಿನವನು ಡೋಲನ್ನು ಹೆಗಲಿಗೇರಿಸಿದ.

“ನಾ ಬಾರಿಸಿದೆ ಅನ್ನಾಕ ಕಾಗದ ಎಲ್ಲದ, ಅಣ್ಣಾ?” ಎಂದು ಒಬ್ಬನೇ ಹತ್ತಿದ.