ಗುಂಡನ ತೂಕ

ಇಲ್ಲ ಡಾಕ್ಟ್ರೇ, ತಿನ್ನೋದೇ ಇಲ್ಲ ಅಂತ ನಾನು ಹೇಳಿದ್ದು ಸ್ವಲ್ಪ ಜಾಸ್ತಿ ಆಯ್ತು. ತಿನ್ನುತ್ತೆ. ಜೀವ ಹಿಡ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟು. ಅದನ್ನೂ ನಾನು ಕಣ್ಣಾರೆ ನೋಡಿಲ್ಲ. ಅಂಗಡಿಗೆ ಹೋಗಿ ಬರೋ ಹೊತ್ತಿಗೆ ತಟ್ಟೆಯಲ್ಲಿ ಎರಡು ತುತ್ತು ಕಡಿಮೆ ಆಗಿರುತ್ತೆ. ಇದೇ ತಿಂತೋ, ಇರುವೆ ಹೊತ್ಕೊಂಡು ಹೋದ್ವೋ, ಯಾರಿಗೆ ಗೊತ್ತು... ಇಲ್ಲಿ, ಈ ಮೇಜಿನ ಮೇಲೆ ಬಿಡ್ಲಾ? ಬಿಡ್ತೀನಿ. ಇಳಿಯೋ ಗುಂಡ. ಇಳಿಯಪ್ಪಾ. ನೋಡಿ, ಟವೆಲ್ ಒಳಗೇ ಮುದುರಿಕೊಳ್ಳುತ್ತೆ.

ಯಾಕೆ ನಗ್ತಿದ್ದೀರಿ? ಹೆಸರಿಗಾ? ನಗಿ, ಎಲ್ಲರೂ ನಗ್ತಾರೆ. ಮಗಳು ಇಟ್ಟಿದ್ದು. ತಂದಾಗ ಅಂಗೈಯಲ್ಲಿ ಹಿಡಿಸ್ತಿತ್ತು, ಹೊಟ್ಟೆ ಮಾತ್ರ ಚೆಂಡಿನ ಹಾಗೆ. "ಅಪ್ಪ, ಇವನು ಗುಂಡ" ಅಂದ್ಳು, ಅಷ್ಟೇ, ನಾಮಕರಣ ಮುಗೀತು. ಈಗ ಹೆಸರು ಹಿಡಿದು ಕರೆದ್ರೆ ಅಣಕಿಸಿದ ಹಾಗೆ ಆಗುತ್ತೆ. ನಮ್ಮ ಬೀದಿಯ ಇಸ್ತ್ರಿಯವನು ಮೊನ್ನೆ ಕೇಳ್ತಾನೆ, "ಏನು ಸ್ವಾಮಿ, ನಾಯಿನ ಮಡಿಸಿ ಜೇಬಲ್ಲಿ ಇಟ್ಕೊಂಡು ಹೊರಟ್ರಾ?" ಅಂತ. ನಾನೂ ಹಲ್ಲು ಕಿರಿದೆ. ಮನೆಗೆ ಬಂದು ಬಾಗಿಲು ಹಾಕ್ಕೊಂಡು ಇದನ್ನ ಇನ್ನೊಂದು ಸಲ ತೂಗಿ ನೋಡಿದೆ. ಭಯ ಡಾಕ್ಟ್ರೇ. ನಂಗೆ ತುಂಬಾ ಭಯ ಆಗ್ತಿದೆ.

ತೂಕ ಎಲ್ಲ ಬರ್ಕೊಂಡು ಬಂದಿದೀನಿ, ತಗೊಳ್ಳಿ ಈ ಚೀಟಿ. ಮೂರು ವಾರದ್ದು, ಒಂದು ದಿನಾನೂ ಬಿಟ್ಟಿಲ್ಲ. ನನ್ನ ಕಸುಬೇ ಅದು, ತಕ್ಕಡಿ ರಿಪೇರಿ. ಕಿರಾಣಿಯವರು, ಹಳೇ ಪೇಪರ್‌ನವರು, ಮೀನಿನವರು, ಮಾರ್ಕೆಟ್ಟಿನಲ್ಲಿ ಯಾರ ತಕ್ಕಡಿ ಸುಳ್ಳು ಹೇಳಿದ್ರೂ ನನ್ನ ಹತ್ರಾನೇ ತರಬೇಕು. ಮೊದಲನೇ ದಿನ ಎರಡು ಕಿಲೋ ಆರುನೂರು ಇತ್ತು. ಆಮೇಲೆ ನೋಡ್ತಾ ಹೋಗಿ... ಎರಡು ನಾನೂರು. ಎರಡು ಇನ್ನೂರು. ಇವತ್ತು ಎರಡಕ್ಕೂ ಕೆಳಗೆ.

ಯಾವುದು? ಓ, ಒಂದೊಂದು ದಿನಕ್ಕೂ ಎರಡೆರಡು ಅಂಕಿ ಯಾಕೆ ಅಂತಾನಾ? ಅದೇ ನನಗೂ ಅರ್ಥ ಆಗ್ದೇ ಇರೋದು. ಮುಳ್ಳು ನಿಲ್ಲಲ್ಲ ಡಾಕ್ಟ್ರೇ. ಇದನ್ನ ಇಟ್ಟ ತಕ್ಷಣ ಆ ಕಡೆ ಈ ಕಡೆ ಓಲಾಡುತ್ತೆ. ಅದಕ್ಕೇ ಈ ತುದಿ ಒಂದು, ಆ ತುದಿ ಒಂದು ಬರ್ದಿದೀನಿ. ತಕ್ಕಡಿಯಲ್ಲೇ ದೋಷ ಅಂದ್ಕೊಂಡು ಮೂರು ಸಲ ಬಿಚ್ಚಿದೆ. ಸ್ಪ್ರಿಂಗ್ ಹೊಸದು ಹಾಕ್ದೆ, ಎಣ್ಣೆ ಬಿಟ್ಟೆ, ಕೆಳಗೆ ರಬ್ಬರ್ ಇಟ್ಟೆ. ತೂಕದ ಕಲ್ಲು ಇಡಿ, ಗೂಟ ಹೊಡೆದ ಹಾಗೆ ನಿಲ್ಲುತ್ತೆ. ಗುಂಡನ್ನ ಇಡಿ, ಶುರು. ಇಪ್ಪತ್ತೆರಡು ವರ್ಷದಲ್ಲಿ ಇಂಥ ತಕ್ಕಡಿ ನೋಡಿಲ್ಲ.

ಏನು ಹಾಕ್ತೀನಾ? ಏನು ಹಾಕಿಲ್ಲ ಅಂತ ಕೇಳಿ. ಮೊಟ್ಟೆ ಬೇಯಿಸಿ ಹಳದಿ ಬೇರೆ ಬಿಳಿ ಬೇರೆ ಮಾಡಿ ಕೊಟ್ಟೆ. ಕೋಳಿ ಬೇಯಿಸಿ ಎಳೆ ಎಳೆ ಬಿಡಿಸಿ, ಆ ನೀರಲ್ಲೇ ಅನ್ನ ಕಲಸಿ, ಬಿಸಿ ಆಯ್ತೇನೋ ಅಂತ ಊದಿ ಊದಿ ಕೊಟ್ಟೆ. ನಾನು ಹುಟ್ಟಿದ ಮೇಲೆ ಒಲೆ ಮುಂದೆ ಅಷ್ಟು ಹೊತ್ತು ನಿಂತಿದ್ದೇ ಇಲ್ಲ. ಮೂಸುತ್ತೆ, ನನ್ನ ಮುಖ ನೋಡುತ್ತೆ, ಹಿಂದೆ ಸರಿಯುತ್ತೆ. ಬೆರಳಿಗೆ ಸವರಿ ಬಾಯಿ ಹತ್ರ ಹಿಡಿದೆ. ಹಲ್ಲು ಕಚ್ಚಿಕೊಂಡು ಬಿಡ್ತು. ಕೊನೆಗೆ ಮೊಣಕಾಲೂರಿ, ನಾನೇ ಆ ತಟ್ಟೆಗೆ ಮೂತಿ ಇಟ್ಟು ಚಪ್ಪರಿಸಿದ ಹಾಗೆ ಮಾಡಿದೆ, ನೋಡಿಯಾದ್ರೂ ಕಲೀಲಿ ಅಂತ. ಎದುರುಮನೆ ಟೀಚರಮ್ಮ ಕಿಟಕಿಯಿಂದ ನೋಡಿಬಿಟ್ರು. ಆವತ್ತಿಂದ ನನ್ನ ಕಂಡ್ರೆ ಬೇರೆ ಕಡೆ ತಿರುಗ್ತಾರೆ... ನೀವು ಈಗ ನಗಬಹುದು. ನಗಲ್ವಾ?

ಮೊದಲು ಮಗಳೇ ಹಾಕ್ತಿದ್ದಳು. ಹತ್ತು ವರ್ಷ ಅವಳಿಗೆ. ಇಲ್ಲ, ಈಗ ಊರಲ್ಲಿಲ್ಲ... ಊರಲ್ಲೇ ಇದ್ದಾಳೆ. ಮನೇಲಿಲ್ಲ. ಅವಳೂ ಅವಳಮ್ಮನೂ ಸ್ವಲ್ಪ ದಿನ ನಮ್ಮ ಷಡ್ಡಕನ ಮನೇಲಿರೋಣ ಅಂತ ಹೋಗಿದಾರೆ. ಹೆಂಡ್ತಿಯ ಅಕ್ಕನ ಮನೆ. ಜಾಗ ಬದಲಾವಣೆ ಆಗ್ಲಿ ಅಂತ. ಷಡ್ಡಕನಿಗೆ ನಾಯಿ ಕೂದಲು ಆಗಲ್ಲ, ಸೀನಿ ಸೀನಿ ಕಣ್ಣು ಊದಿಸ್ಕೋತಾನೆ, ಅದಕ್ಕೇ ಇದು ನನ್ನ ಪಾಲಿಗೆ ಉಳೀತು. ಹೊರಡೋವಾಗ ಮಗಳು ಬಾಗಿಲಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದ್ಳು, "ಗುಂಡ ನಿನ್ನ ಕೈಯಿಂದ ತಿಂದ್ರೆ ನಾನು ವಾಪಸ್ ಬರ್ತೀನಿ. ಇಲ್ದಿದ್ರೆ ಇಲ್ಲ." ಮಗು ಮಾತು ಅಂತ ನಾನೂ ನಕ್ಕು "ಅಷ್ಟೇ ತಾನೆ?" ಅಂದೆ.

ಅಷ್ಟೇ ಆಗ್ಲಿಲ್ಲ. ದಿನಾ ಸಂಜೆ ಫೋನ್ ಮಾಡ್ತಾಳೆ. ನನ್ನ ಬಗ್ಗೆ ಒಂದು ಮಾತಿಲ್ಲ, ಊಟ ಆಯ್ತಾ ಅಪ್ಪ ಅಂತಾನೂ ಇಲ್ಲ. "ತಿಂತಾ?" ಅಂತಾಳೆ. ನಾನು "ತಿಂತಮ್ಮ, ತಟ್ಟೆ ನೆಕ್ಕಿಬಿಡ್ತು" ಅಂತೀನಿ. ಇಪ್ಪತ್ತೊಂದು ದಿನದಿಂದ ಅದೇ ಸುಳ್ಳು. ನಾಡಿದ್ದು ಭಾನುವಾರ ನೋಡೋಕೆ ಬರ್ತಾಳೆ. ಒಂದು ಸಲ ಎತ್ತಿಕೊಂಡ್ರೆ ಸಾಕು ಡಾಕ್ಟ್ರೇ, ಅವಳಿಗೆ ತಕ್ಕಡಿ ಬೇಕಾಗಿಲ್ಲ. ಎತ್ತಿಕೊಳ್ತಾಳೆ, ಕೆಳಗಿಡ್ತಾಳೆ, ಹೋಗ್ತಾಳೆ. ಆಮೇಲೆ ಬರಲ್ಲ. ನನ್ನ ಮಗಳು ನಂಗೆ ಗೊತ್ತಲ್ವಾ, ಹಟದಲ್ಲಿ ನನ್ನದೇ ಅಚ್ಚು. ಅದಕ್ಕೇ ಒಂದು ಟಾನಿಕ್ಕೋ, ಹಸಿವಿನ ಸೂಜೀನೋ... ಏನಾದ್ರೂ. ಭಾನುವಾರದೊಳಗೆ ಒಂದೇ ಒಂದು ತುತ್ತು ನನ್ನ ಕೈಯಿಂದ ತಿನ್ನೋ ಹಾಗೆ ಮಾಡಿಕೊಡಿ.

ತೂಗ್ತೀರಾ? ತೂಗಿ. ಓ, ಮುಳ್ಳಿನ ತಕ್ಕಡೀನೇ ಇಟ್ಟಿದ್ದೀರಿ, ಹಳೇದು, ಒಳ್ಳೇದು. ಈಗ ನೋಡಿ ತಮಾಷೆ. ಹಾಂ, ಕೂರಿಸಿ... ಕೈ ಬಿಡಿ...

ನಿಂತಿದೆಯಲ್ಲ. ಒಂದು ಒಂಬೈನೂರ ಐವತ್ತು. ನಿಂತೇ ಬಿಟ್ಟಿದೆ. ತಡೀರಿ, ಹತ್ರ ಬಂದು ನೋಡ್ತೀನಿ, ನಿಮ್ಮ ಸ್ಪ್ರಿಂಗ್ ಯಾವ ಕಂಪನಿದು... ಅಯ್ಯೋ, ಶುರುವಾಯ್ತು ನೋಡಿ. ನಿಮ್ಮದಕ್ಕೂ ಅದೇ ರೋಗ ಡಾಕ್ಟ್ರೇ. ನಾನು ಬೇಕಾದ್ರೆ ಬಿಚ್ಚಿ... ಏನು? ಹಿಂದೆ ಹೋಗ್ಬೇಕಾ? ಹೋದೆ. ಇನ್ನೂ ಹಿಂದೆಯಾ? ಬಾಗಿಲ ತನಕ?

ಈಗ ನಿಂತಿದೆ.

ಒಂದು ಹೆಜ್ಜೆ ಮುಂದೆ ಬರ್ತೀನಿ, ಬರೀ ಒಂದು. ...ಇಲ್ಲ ಇಲ್ಲ, ಹಿಂದೆ ಬಂದೆ. ಗೊತ್ತಾಯ್ತು. ಮುಳ್ಳಿನ ದೋಷ ಅಲ್ಲ ಅದು. ಗುಂಡ ನಡುಗ್ತಾ ಇತ್ತು. ಮೂರು ವಾರ ದಿನಾ ಬೆಳಗ್ಗೆ ನನ್ನ ಮುಂದೆ ನಡುಗ್ತಾ ಕೂತಿತ್ತು, ನಾನು ತಕ್ಕಡಿಗೆ ಎಣ್ಣೆ ಬಿಡ್ತಾ ಕೂತಿದ್ದೆ.

ನೋಡಬೇಡ ಅಂತೀರಾ? ಆ ಕಡೆ ತಿರುಗ್ಲಾ? ಔಷಧಿ ಬೀರು ಕಡೆ... ಸರಿ. ತಿರುಗಿದೆ. ಏನು ಮಾಡ್ತಿದ್ದೀರಿ, ಡಬ್ಬಿ ಮುಚ್ಚಳ ತೆಗೆದ ಶಬ್ದ ಅಲ್ವಾ? ಅದು ಇಷ್ಟ ಪಡಲ್ಲ ಡಾಕ್ಟ್ರೇ, ಅದನ್ನೂ ತಂದು ಹಾಕಿ ನೋಡಿದೀನಿ, ಮೂಸೋದೂ ಇಲ್ಲ...

ಅದೇನು ಶಬ್ದ? ಅದು ತಿಂತಿರೋದಾ?

ತಿಂತಿದೆ. ಬೀರು ಗಾಜಿನಲ್ಲಿ ಕಾಣಿಸ್ತಿದೆ, ನಾನು ತಿರುಗಿಲ್ಲ, ಇಲ್ಲಿಂದಲೇ ಕಾಣುತ್ತೆ. ಹಾಗೆ ಗಬಗಬ ತಿಂದಿದ್ದು ನಾನು ನೋಡೇ ಇಲ್ಲ. ಎಷ್ಟು ಹಸಿದಿತ್ತು... ಇಷ್ಟು ಹಸಿವು ಹೊಟ್ಟೆಯಲ್ಲಿ ಇಟ್ಕೊಂಡು ನನ್ನ ಮುಂದೆ ಹಲ್ಲು ಕಚ್ಚಿಕೊಂಡಿತ್ತಾ?

ನಾನು ಏನಂತ ಕರೀತೀನಾ? ತಟ್ಟೆ ಇಟ್ಟು ಏನಂತೀನಿ... ಏನಂದ್ರೆ, ಎಲ್ಲರೂ ಅನ್ನೋದೇ. "ತಿನ್ನು" ಅಂತೀನಿ. ...ನಿಲ್ಲಿಸಿಬಿಡ್ತಲ್ಲ. ಅಯ್ಯೋ, ತಿನ್ನೋದು ನಿಲ್ಲಿಸಿ ಬಾಲ ಒಳಗೆ ಹಾಕ್ಕೊಳ್ತು. ಇಲ್ಲ ಕಂದ, ನಿಂಗಲ್ಲ ಹೇಳಿದ್ದು, ಡಾಕ್ಟ್ರಿಗೆ ಹೇಳಿದ್ದು. ನಾನು ಮಾತಾಡಲ್ಲ. ಮೆತ್ತಗೆ ಹೇಳ್ತೀನಿ, ನೀವು ಅದರ ತಲೆ ಸವರ್ತಾ ಇರಿ.

ಆ ಮಾತು ನಮ್ಮನೇಲಿ ಸ್ವಲ್ಪ ಜೋರಾಗೇ ಬರ್ತಿತ್ತು. ಇದಕ್ಕಲ್ಲ, ಮಗಳಿಗೆ. ಅವಳೂ ಹೀಗೇ ಡಾಕ್ಟ್ರೇ, ಒಂದು ತುತ್ತು ಬಾಯಲ್ಲಿಟ್ಕೊಂಡು ಅರ್ಧ ಗಂಟೆ. ಸ್ಕೂಲಿಂದ ಚೀಟಿ ಬಂತು, ವಯಸ್ಸಿಗೆ ತಕ್ಕ ತೂಕ ಇಲ್ಲ ಅಂತ. ತಕ್ಕಡಿಯವನ ಮಗಳಿಗೇ ತೂಕ ಕಡಿಮೆ ಅಂದ್ರೆ... ನಂಗೆ ಹೆದರಿಕೆ ಆಯ್ತು. ಅವಳಿಗೇನಾದ್ರೂ ಆಗಿಬಿಟ್ರೆ ಅಂತ. ಅಂಗಡಿಯಿಂದ ಮೂಟೆ ತೂಗೋ ತಕ್ಕಡಿ ಮನೆಗೆ ತಂದೆ. ಪ್ರತಿ ಭಾನುವಾರ ಅದರ ಮೇಲೆ ನಿಲ್ಲಿಸಿ ತೂಗಿ, ಅಡುಗೆಮನೆ ಬಾಗಿಲ ಮೇಲೆ ಬರೀತಿದ್ದೆ. ದಿನಾ ಅವಳ ಎದುರಿಗೆ ಕೂತು ತಟ್ಟೆ ಖಾಲಿ ಆಗೋ ತನಕ ಏಳ್ತಿರಲಿಲ್ಲ. "ತಿನ್ನು. ತಿನ್ನು ಅಂದೆ." ಅವಳ ತಟ್ಟೆ ದಿನಾ ಖಾಲಿ ಆಗ್ತಿತ್ತು, ತೂಕ ಮಾತ್ರ ಇಳೀತಾನೇ ಇತ್ತು. ಆಮೇಲೊಂದು ದಿನ ಬಗ್ಗಿ ನೋಡ್ತೀನಿ, ಮೇಜಿನ ಕೆಳಗೆ ಇದು ಕೂತಿದೆ. ಅವಳ ಕೈಯಿಂದ ಸದ್ದಿಲ್ಲದೆ ತಿಂತಾ ಇದೆ. ಎಷ್ಟೋ ತಿಂಗಳಿಂದ ಹಾಗೇ ನಡೀತಿತ್ತು ಅಂತ ಕಾಣುತ್ತೆ. ನನ್ನ ಕಣ್ಣು ತಪ್ಪಿಸಿ ತಿನ್ನೋದೇ ಅದಕ್ಕೆ ಅಭ್ಯಾಸ.

ಗದರಿದೆ. ಯಾರಾದ್ರೂ ಗದರ್ತಾರೆ. ಅಷ್ಟೇ, ಗದರಿದೆ... ಆಮೇಲೆ ಅವರು ಷಡ್ಡಕನ ಮನೆಗೆ ಹೋದ್ರು.

ಯಾಕೆ ಅಲ್ಲೇ ಕೈ ನಿಲ್ಲಿಸಿದ್ರಿ ಡಾಕ್ಟ್ರೇ? ಗಾಜಿನಲ್ಲಿ ಕಾಣಿಸ್ತಿದೆ. ಎಡಗಡೆ ಪಕ್ಕೆ ಮೇಲೆ. ಗಂಟು ಥರ ಇದೆಯಾ? ಮೂಳೆ ಮುರಿದು ಕೂಡಿಕೊಂಡ ಹಾಗಾ? ಹೌದು... ಅದು ಸೋಫಾ ಮೇಲಿಂದ ಬಿತ್ತು. ಚಿಕ್ಕ ನಾಯಿ ನೋಡಿ, ನೆಗೆಯೋಕೆ ಹೋಗಿ ಆಯ ತಪ್ಪಿರಬೇಕು.

ಸೋಫಾ ಅಷ್ಟೇನೂ ಎತ್ತರ ಇಲ್ಲ, ನಿಜ. ಬಾಗಿಲ ಸಂದಿಗೆ ಸಿಕ್ಕಿತ್ತೇನೋ. ಗಾಳಿಗೆ ನಮ್ಮ ಬಾಗಿಲು ಪಟಾರ್ ಅಂತ ಬಡ್ಕೊಳ್ಳುತ್ತೆ... ನಾನು ಅಂಗಡೀಲಿದ್ದಾಗ ಆಗಿರಬಹುದು. ನಾನು ನೋಡಿಲ್ಲ.

ಬರ್ಕೊಳ್ಳಿ ಡಾಕ್ಟ್ರೇ, ಪೆನ್ನು ಹಿಡ್ಕೊಂಡು ಯಾಕೆ ಹಾಗೇ ಕೂತಿದ್ದೀರಿ? ಹೇಗಾಯ್ತು ಅನ್ನೋ ಕಡೆ ಬಾಗಿಲು ಅಂತ ಬರ್ದುಬಿಡಿ.

ಏನಾದ್ರೂ ಕೇಳಿ. ಇಷ್ಟು ಹೊತ್ತು ಕೇಳ್ತಿದ್ರಲ್ಲ, ಏನು ಹಾಕ್ತೀರಿ, ಯಾರು ಹಾಕ್ತಿದ್ರು, ಏನಂತ ಕರೀತೀರಿ... ಈಗ ಯಾಕೆ ಸುಮ್ಮನಾದ್ರಿ? ಬೈದುಬಿಡಿ ಬೇಕಾದ್ರೆ. ನೀವು ಹೀಗೆ ಸುಮ್ಮನೆ ಕೂತ್ರೆ ನಂಗೆ... ಅವಳಮ್ಮನೂ ಆವತ್ತು ಹೀಗೇ ಸುಮ್ಮನೆ ನಿಂತಿದ್ದಳು. ಆಮೇಲೆ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿದಳು.

ನಾನು ಒದ್ದೆ. ಬರ್ಕೊಳ್ಳಿ. ಚಪ್ಪಲಿ ಕಾಲಲ್ಲೇ ಇತ್ತು, ಆಗಷ್ಟೇ ಅಂಗಡಿಯಿಂದ ಬಂದಿದ್ದೆ.

ಬರೆದ್ರಾ? ...ಇನ್ನೂ ಇಲ್ವಾ. ನಾಯಿಗೆ ಒದ್ದಿದ್ದಕ್ಕೆ ಯಾವ ಹೆಂಡ್ತಿ ಮನೆ ಬಿಟ್ಟು ಹೋಗ್ತಾಳೆ, ಅದನ್ನೇ ತಾನೇ ಯೋಚನೆ ಮಾಡ್ತಿರೋದು ನೀವು?

ಮಗಳು ಹೆದರಿ ಮೇಜಿನ ಕೆಳಗೆ ನುಗ್ಗಿ ಕೂತಿದ್ದಳು ಡಾಕ್ಟ್ರೇ. ಹೊರಗೆ ಬಾ ಅಂದೆ, ಬರಲಿಲ್ಲ. ಎರಡು ಸಲ ಅಂದೆ. ನಾನು ಕಾಲೆತ್ತಿದ್ದು ಗುಂಡನಿಗಲ್ಲ. ಅದು ಅಡ್ಡ ಬಂತು.