ಸ್ಕೂಟರಿಗೆ ಕಟ್ಟಿದ ಡಬ್ಬಿ

ವಾಹನ ತಪಾಸಣೆಯ ಸಾಲಿನಲ್ಲಿ ನನ್ನ ಹಿಂದೆ ಅತ್ತೆ, ಸೊಸೆ ನಿಂತಿದ್ದರು. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಸೊಸೆಯ ಎಲೆಕ್ಟ್ರಿಕ್ ಸ್ಕೂಟರಿನ ಹಿಂದೆ ಕಲ್ಲು ತುಂಬಿದ ಪೌಡರ್ ಡಬ್ಬಿಯೊಂದು ನೇತಾಡುತ್ತಿತ್ತು.

“ಅತ್ತೆ, ಇವತ್ತೊಂದಿನ ಬಿಚ್ಚಿಡ್ತೀನಿ. ಕಂಪನಿ ಕೊಡದೇ ಇರೋದನ್ನ ಗಾಡಿಗೆ ಕಟ್ಟಬಾರದಂತೆ, ಹೊಸ ರೂಲ್ಸು.”

“ಮುಟ್ಟಿದ್ರೆ ನೋಡು.”

“ಪಾಸ್ ಮಾಡಲ್ಲ ಅವ್ರು.”

“ಸದ್ದೇ ಇಲ್ದೆ ಬಂದು ಮನೆ ಗೇಟಲ್ಲಿ ನನ್ನನ್ನೇ ಬೀಳಿಸಿದ್ಯಲ್ಲ, ಆವಾಗ ಮಾತ್ರ ಪಾಸಾಗಿತ್ತಾ ಇದು?”

“ಅಯ್ಯೋ, ಮೆಲ್ಲಗೆ! ಎಲ್ಲಾ ಕೇಳಿಸ್ಕೋತಿದ್ದಾರೆ.”

“ಕೇಳಿಸ್ಕೊಳ್ಳಲಿ. ಕಣ್ಣಿದ್ದೋರೇ ಕೂತು ಮಾಡ್ಕೊಂಡ ರೂಲ್ಸು. ರಸ್ತೆ ಏನು ಅವರಪ್ಪಂದಾ?”

“ದಂಡ ಹಾಕಿದ್ರೆ?”

“ಹಾಕೋ ಮುಂಚೆ ಆ ಸಾಹೇಬ್ರಿಗೆ ಕಣ್ಣು ಮುಚ್ಕೊಂಡು ಇಲ್ಲೇ ಅಂಗಳದಲ್ಲಿ ನಿಂತ್ಕೊಳ್ಳೋಕೆ ಹೇಳು. ನೀನು ಡಬ್ಬಿ ಬಿಚ್ಚಿ ಅವರ ಸುತ್ತ ಗಾಡಿ ಓಡಿಸು. ಆಮೇಲೆ ಮಾತಾಡೋಣ.”

ಸೊಸೆ ಕಿಸಕ್ಕನೆ ನಕ್ಕಳು.

“ಎಲೆಕ್ಟ್ರಿಕ್ ಗಾಡಿಯವರು ಮುಂದೆ ಬನ್ನಿ!” ಒಳಗಿನಿಂದ ಕೂಗಿದರು.

“ಏನೇ ಅದು ಕಿರಕಿರ? ಬಿಚ್ಚಿಬಿಟ್ಯಾ?”

“ಇಲ್ಲ ಅತ್ತೆ. ಇನ್ನೊಂದು ನಾಲ್ಕು ಕಲ್ಲು ಹಾಕ್ದೆ.”

ಬೆನ್ನ ಹಿಂದೆ ಗಲಗಲ ಸದ್ದು ಹೊರಟಿತು. ನಾನು ತಿರುಗಿಯೂ ನೋಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.