ಹಿಂದಿನ ಸೀಟಿನ ಕೆಂಪು ದೀಪ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಇದು ಯಾರೋ ಹೇಳಿ ಇನ್ಯಾರೋ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ, ಫೋಟೋ ಸ್ಟುಡಿಯೋ ಇಟ್ಟಿದ್ದಾನಲ್ಲ, ಅವನಿಗೇ ಆದದ್ದು.

ಆವತ್ತು ಸ್ಟುಡಿಯೋ ಬಾಗಿಲು ಹಾಕಿ, ಗ್ಯಾರೇಜಿನ ಗೆಳೆಯನ ಜೊತೆ ನಡೆದು ಹೊರಟ. ಹೊತ್ತಾಗಿತ್ತು. ಓಣಿಯಲ್ಲಿ ನಾಯಿಯೂ ಇಲ್ಲ. ಪಾಳುಬಾವಿ ದಾಟಿದರೆ ಬಯಲು... ಅವನ ಎರಡು ಗಾಡಿ ನಿಂತಿರೋದು ಅಲ್ಲೇ.

ಒಂದು, ಮದುವೆಗೆ ಮುಂಚಿನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗಬೇಕು, ಸ್ಟಾರ್ಟ್ ಮಾಡಿದರೆ ಬೀದಿಗೆಲ್ಲ ಗೊತ್ತಾಗಬೇಕು. ಅದೇ ಅದರ ಗತ್ತು! ಇನ್ನೊಂದು, ಹೆಂಡತಿ ಬಸುರಿಯಾದಾಗ ತಗೊಂಡ ಏಳು ಸೀಟಿನ ವ್ಯಾನು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಕಿವಿಗೇ ಬೀಳಲ್ಲ. "ನಾನೂ ಪಾಪುನೂ ಹಿಂದೆ ಜಂಬವಾಗಿ ಕೂರ್ತೀವಿ. ನೀವು ಡ್ರೈವರ್ರು," ಅಂತ ಅವಳು ರೇಗಿಸುತ್ತಿದ್ದಳು. ಹೆರಿಗೆಗೆ ಅದರಲ್ಲೇ ಹೋದಳು. ತಾಯಿಯೂ ವಾಪಸ್ ಬರಲಿಲ್ಲ, ಮಗುವೂ ಬರಲಿಲ್ಲ. ಖಾಲಿ ವ್ಯಾನನ್ನು ಗೆಳೆಯ ತಂದು ನಿಲ್ಲಿಸಿದ. ಇವನು ಅದನ್ನು ಮುಟ್ಟಲೇ ಇಲ್ಲ.

ಈಗ ಬಯಲಿನ ಮಾಲೀಕರು ಇನ್ನು ಒಂದೇ ಗಾಡಿಗೆ ಜಾಗ ಅಂದಿದ್ದರು.

"ಒಂಟಿ ಜೀವಕ್ಕೆ ಏಳು ಸೀಟು ಯಾಕಪ್ಪಾ? ಹಳೇದು ಇಟ್ಕೋ," ಅಂದ ಗೆಳೆಯ. ಇವನಿಗೂ ಹೌದನ್ನಿಸಿತು. ಆ ಖಾಲಿ ಸೀಟುಗಳ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಗಿರಾಕಿ ಬರುತ್ತಾನೆ. ಕೊನೇ ಸಲ ಅಂತ ಇಬ್ಬರೂ ವ್ಯಾನು ಹತ್ತಿದರು. ಬೆಲ್ಟು ಹಾಕಿಕೊಂಡರು. ಇವನು ಕೀ ತಿರುಗಿಸಿದ.

ಟಿಂಗ್... ಟಿಂಗ್... ಟಿಂಗ್...

"ಏನೋ ಅದು?"

"ಹಿಂದಿನ ಸೀಟಿಂದು. ಬೆಲ್ಟು ಹಾಕಿಲ್ಲ ಅಂತ." ಗೆಳೆಯನ ದನಿ ಇಳಿಯಿತು. "ಯಾರಾದ್ರೂ ಕೂತ್ರೆ ಮಾತ್ರ ಹೊಡ್ಕೊಳ್ಳುತ್ತೆ..."

ಗೆಳೆಯ ಇಳಿದು ಹೋಗಿ ಹಿಂದಿನ ಬಾಗಿಲು ಸರಿಸಿದ. ಸರ್ರ್... ಟಾರ್ಚ್ ಬಿಟ್ಟ. ಒಂದು ಚೀಲವೂ ಇಲ್ಲ. ಮುಂದುಗಡೆ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಕೆಂಪು ದೀಪ ಉರಿಯುತ್ತಿತ್ತು. ಹಿಂದಿನ ಎಡಗಡೆಯ ಸೀಟಿನದು. ಅವಳು ಕೂರುತ್ತಿದ್ದ ಜಾಗ.

"ಪಾಪು...?" ಇವನು ಪಿಸುಗುಟ್ಟಿದ. "ಪಕ್ಕದ ಸೀಟಿಂದು ಯಾಕೆ ಹತ್ತಿಲ್ಲ?"

"ಎಳೆ ಕೂಸಿನ ಭಾರ ಅದಕ್ಕೆ ಗೊತ್ತಾಗಲ್ಲ ಕಣೋ," ಅಂದುಬಿಟ್ಟು ಗೆಳೆಯ ನಾಲಿಗೆ ಕಚ್ಚಿಕೊಂಡ.

ಇವನು ಇಳಿದ. ಖಾಲಿ ಸೀಟಿನ ಮೇಲೆ ಬೆಲ್ಟು ಎಳೆದು ಹಾಕಿದ. ಟಕ್. ಸದ್ದು ನಿಂತಿತು. ಆಸ್ಪತ್ರೆಯಲ್ಲಿ ಅಳದವನು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತ.

ಬೆಳಿಗ್ಗೆ ಮಾರಿದ್ದು ಸ್ಪೋರ್ಟ್ಸ್ ಕಾರು. ತಲೆ ಕೆಟ್ಟಿದೆ ಅಂದರು ಜನ. ಅನ್ನಲಿ ಬಿಡಿ! ಅವನು ದಿನಾ ಮೊದಲು ಹಿಂದಿನ ಬೆಲ್ಟು ಹಾಕುತ್ತಾನೆ, ಆಮೇಲೆ ತನ್ನದು. ವರ್ಷಗಟ್ಟಲೆ ಅದೊಂದೇ ಸೀಟು, ಅದೊಂದೇ ಬೆಲ್ಟು.

ಮೊನ್ನೆ ಗೆಳೆಯ ಮುಂದೆ ಕೂತಿದ್ದ. ಮಗು ಇದ್ದಿದ್ದರೆ ಈಗ ಶಾಲೆಗೆ ಹೋಗೋ ವಯಸ್ಸು. ಇವನು ಎಂದಿನ ಹಾಗೆ ಹಿಂದಿನ ಬೆಲ್ಟು ಹಾಕಿ ಬಂದು ಕೀ ತಿರುಗಿಸಿದ.

ಟಿಂಗ್... ಟಿಂಗ್...

ಹಿಂದೆ, ಅವಳ ಪಕ್ಕದ ಸೀಟಿನ ದೀಪ.

"ಪಾಪು ದೊಡ್ಡದಾಯ್ತು ಕಣೋ," ಅಂದನಂತೆ. ಮತ್ತೆ ಇಳಿದು ಹೋದ.

ಸುಳ್ಳಲ್ಲ, ಆ ಗೆಳೆಯ ಇನ್ನೂ ಇದ್ದಾನೆ, ಬೇಕಾದರೆ ಕೇಳಿ. ಆ ಬೆಲ್ಟನ್ನು ಹೊಂದಿಸೋಕೆ ಇವನಿಗೆ ಸುಮಾರು ಹೊತ್ತು ಹಿಡಿಯಿತಂತೆ. ಕುತ್ತಿಗೆಗೆ ಉಜ್ಜಬಾರದು ಅಂತ.